ಕಾರಿನ ಕಣ್ಣಿಗೆ ಹೊಯ್ದ ಹಾಲು

ಆಗೆಲ್ಲ ದಾಂಡೇಲಿಯಲ್ಲಿ ಸ್ವಂತ ಕಾರು ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರೆಲ್ಲ ಬಹಳ ಮರ್ಯಾದಸ್ಥರೆಂದು ನಾವು ನಂಬಿದ್ದೆವು. ಕಾಗದದ ಗಿರಣಿಗೆ ಬಿದಿರು ಸಾಗಿಸುತ್ತಿದ್ದ ನನ್ನ ಅಪ್ಪನೂ ಅವರಲ್ಲೊಬ್ಬ. ಯಾವನೋ ಸಾಹೇಬ ಬಿಟ್ಟುಹೋದ ಕಪ್ಪು ವಿಲಾಯತಿ ಕಾರು ನಮ್ಮದು. ಡ್ಯಾಶ್‌ಬೋರ್ಡಿನಲ್ಲಿ ಎರಡು ದುಂಡನೆಯ ಮೀಟರುಗಳು ಪಕ್ಕಪಕ್ಕದಲ್ಲಿದ್ದವು, ಒಂದು ಪೆಟ್ರೋಲಿನದು, ಇನ್ನೊಂದು ಎಂಜಿನ್ನಿನ ಬಿಸಿಯದು. ಇವತ್ತಿಗೂ ಅವನ್ನು ನೆನೆದರೆ ಮೊದಲು ಬರುವುದು ಒಡೆದ ಹಾಲಿನ ವಾಸನೆ. 

ಆ ವರ್ಷದ ನವರಾತ್ರಿಯ ಖಂಡೇಪೂಜೆಗೆ ನನಗೆ ಹತ್ತು ತುಂಬಿತ್ತು. ಡ್ರೈವರ್ ಬಸಣ್ಣ ಕಾರು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ಅವನು ಮುಂಡಗೋಡದ ಕಡೆಯ ಚಿಗಳ್ಳಿಯವನು. ದಿನಾ ನನ್ನನ್ನು ಕಾನ್ವೆಂಟಿಗೆ ಬಿಡುವಾಗ ಜೇಬಿನಿಂದ ಹುರಿದ ಶೇಂಗಾ ತೆಗೆದು ಕೊಡುತ್ತಿದ್ದ. ಬಾನೆಟ್ಟಿಗೆ ವಿಭೂತಿ ಹಚ್ಚಿದ ಅಜ್ಜಿ ಒಳಗೆ ಇಣುಕಿ ಆ ಎರಡು ಮೀಟರುಗಳತ್ತ ಬೆರಳು ಮಾಡಿದಳು.

"ಗಾಲಿ ಅಂದ್ರ ಕಾಲು. ಇವೆರಡು ಕಣ್ಣಲ್ಲೇನ? ಕಣ್ಣು ಬಿಟ್ಟು ಯಾರರೆ ಅಭಿಷೇಕ ಮಾಡ್ತಾರೇನ? ಹಾಕವಾ, ನಿನ್ನ ಕೈ ಸಣ್ಣದೈತಿ."

"ಅಮ್ಮಾರ, ಒಳಗ ವಾಯರ್ ಅದಾವ್ರಿ," ಎಂದ ಬಸಣ್ಣ.

"ವಾಯರಿಗೆ ದೇವರು ಬ್ಯಾಡೇನ?"

ನಾನು ಬೆಳ್ಳಿಯ ಗಿಂಡಿಯಿಂದ ಪಂಚಾಮೃತ ಹೊಯ್ದೆ. ಹಾಲು, ಮೊಸರು, ಜೇನು, ಹಿಚುಕಿದ ಬಾಳೆಹಣ್ಣು ಎಲ್ಲವೂ ಗಾಜಿನ ಮೇಲಿಂದ ಇಳಿದು ಸಂದಿಯೊಳಗೆ ಮಾಯವಾದವು.

ಹತ್ತು ದಿನದಲ್ಲಿ ಕಾರಿನೊಳಗೆ ಕೂರಲಾಗದಂತಾಯಿತು. ಹುಳಿ ನಾತ, ಇರುವೆ ಸಾಲು, ಸಂದಿಯಿಂದ ನನ್ನ ಯೂನಿಫಾರ್ಮಿನ ಮೇಲೆ ಬಿದ್ದ ಜಿರಲೆ. ಅದರ ಬೆನ್ನಿಗೇ ಪೆಟ್ರೋಲಿನ ಮುಳ್ಳು ಖಾಲಿಗೆ ಬಿದ್ದುಬಿಟ್ಟಿತು. ಹಿಂದಿನ ದಿನವಷ್ಟೇ ಟ್ಯಾಂಕು ತುಂಬಿಸಿದ್ದೇನೆಂದು ಬಸಣ್ಣ ಹೇಳಿದ.

"ಹಂಗಾರ ಪೆಟ್ರೋಲ್ ಹಾರಿಹೋತೇನು?" ಎಂದ ಅಪ್ಪ.

"ಟ್ಯಾಂಕಿನ್ಯಾಗ ಕಡ್ಡಿ ಬಿಟ್ಟು ತೋರಸ್ತೇನ್ರಿ, ಮಾಲಕ್ರ. ಬರ್ರಿ."

"ಕಡ್ಡಿ ನೋಡಿ ಓಡಸಾಕ ಇದು ಚಕ್ಕಡಿ ಅಲ್ಲ. ವಿಲಾಯತಿ ಮೀಟರ್ ಸುಳ್ಳು ಹೇಳಂಗಿಲ್ಲ. ನೀ ಹೇಳತಿ."

ಅಪ್ಪ ಬಾಗಿ ನೋಡಲೇ ಇಲ್ಲ. ಓಣಿಯವರೆಲ್ಲರ ಎದುರಿಗೆ ಕಳ್ಳ ಎಂದು ಕೀಲಿಕೈ ಕಸಿದುಕೊಂಡ. ಬಸಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೀಟಾಗಿ ಮಡಿಸಿ ಬಾನೆಟ್ಟಿನ ಮೇಲಿಟ್ಟು ನಡೆದುಹೋದ.

ಅದೇ ದಿನ ಅಪ್ಪ ಕ್ಯಾನಿನಿಂದ ಎರಡು ಲೀಟರ್ ಪೆಟ್ರೋಲ್ ಹಾಕಿಸಿ, ತಾನೇ ಕಾರು ಓಡಿಸಿಕೊಂಡು, ನನ್ನನ್ನೂ ಕೂರಿಸಿಕೊಂಡು ಹಳಿಯಾಳಕ್ಕೆ ಹೊರಟ. ರೇಡಿಯೇಟರಿಗೆ ದಿನಾ ನೀರು ಹಾಕುತ್ತಿದ್ದ ಬಸಣ್ಣ ಇರಲಿಲ್ಲ, ಊರು ಮುಟ್ಟುವಷ್ಟರಲ್ಲಿ ಬಾನೆಟ್ಟಿನಿಂದ ಉಗಿ ಏಳುತ್ತಿತ್ತು. ಬಿಸಿಯ ಮುಳ್ಳು ಮಾತ್ರ ತಣ್ಣಗೆ ಮಲಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿದ್ದ ಇಮಾಮಸಾಬ ಮಿಸ್ತ್ರಿಯ ಗ್ಯಾರೇಜಿಗೆ ಕಾರನ್ನು ತಳ್ಳಿಸಿ, ಅಪ್ಪ ಡ್ರೈವರನ ಕಳ್ಳತನದ ಕಥೆಯನ್ನೂ ಹೇಳಿದ. ಮಿಸ್ತ್ರಿ ಎರಡೂ ಮುಳ್ಳುಗಳನ್ನು ನೋಡಿ ಬೀಡಿ ಆರಿಸಿದ.

"ಪೆಟ್ರೋಲ್ ಕದ್ದ ಅನ್ನೂಣು. ಬಿಸೀನೂ ಕದಕೊಂಡು ಹೋದ್ನೇನ್ರಿ?"

ಮೊದಲು ಟ್ಯಾಂಕಿಗೆ ಕಡ್ಡಿ ಇಳಿಸಿ ತೋರಿಸಿದ. ಮುಕ್ಕಾಲಿಗಿಂತ ಮೇಲಿತ್ತು. ಒಂದೇ ಮುಳ್ಳು ಬಿದ್ದರೆ ಟ್ಯಾಂಕಿನ ಮೇಲೆ ಅನುಮಾನ, ಎರಡೂ ಒಟ್ಟಿಗೆ ಬಿದ್ದರೆ ಎರಡಕ್ಕೂ ಕರೆಂಟು ಹೋಗುವ ಜಾಗ ನೋಡಬೇಕು ಎನ್ನುತ್ತ ಡ್ಯಾಶ್‌ಬೋರ್ಡ್ ಬಿಚ್ಚತೊಡಗಿದ. ಸ್ಕ್ರೂಡ್ರೈವರ್ ಜಾರಿ ಅದರ ಮರದ ಹಲಗೆಯ ಮೇಲೆ ಉದ್ದನೆಯ ಗೀರು ಬಿತ್ತು. ಆಮೇಲೆ ನಾತ ಮುಖಕ್ಕೆ ಹೊಡೆಯಿತು. ಕಪ್ಪಾದ ಬಾಳೆಹಣ್ಣು, ಬೂಷ್ಟು, ಸತ್ತ ಇರುವೆಗಳ ಮುದ್ದೆ. ಅದರಡಿ ಎರಡೂ ಮೀಟರಿಗೆ ಕರೆಂಟು ಕೊಡುವ ಬೆಂಕಿಪೊಟ್ಟಣದಷ್ಟು ತಗಡಿನ ಡಬ್ಬಿ, ಅದರ ತಂತಿಯ ತುದಿಗೆ ಹಸಿರು ಕಿಲುಬು. ಮಿಸ್ತ್ರಿ ಉಸಿರು ಬಿಗಿಹಿಡಿದು ಉಜ್ಜುಕಾಗದದಿಂದ ತಿಕ್ಕಿ ತಂತಿಯನ್ನು ಮತ್ತೆ ಸಿಕ್ಕಿಸಿದ. ಎರಡೂ ಮುಳ್ಳುಗಳು ನಿಧಾನಕ್ಕೆ ಎದ್ದವು.

"ಇಲ್ಲಿ ಹಾಲು ಹೊಯ್ದಾವ್ರು ಯಾರ್ರಿ?"

ಅಪ್ಪ ನನ್ನತ್ತ ನೋಡಿದ. ಆಮೇಲೆ, "ಅವನೇ ಹೊಯ್ದಿರಬೇಕು, ಆ ಬಸ್ಯಾ," ಎಂದ.

ನಾನು ಬಾಯಿ ಬಿಡಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನೂರು ಸಲ ಬರೆಸಿದ್ದ "ಆಲ್ವೇಸ್ ಸ್ಪೀಕ್ ದ ಟ್ರೂತ್" ನನ್ನ ಹ್ಯಾಂಡ್‌ರೈಟಿಂಗಿನಲ್ಲಿ ಬಹಳ ಚೆಂದ ಬಂದಿತ್ತು.

"ಆ ಮನಶ್ಯಾನ್ನ ತಿರಗಿ ಕರೀರಿ," ಎಂದ ಮಿಸ್ತ್ರಿ.

"ಹೋದಾಂವ ಹೋದ. ಈಗ ಕರದ್ರ ಓಣ್ಯಾಗ ನನ್ನ ಮುಖ ಹೆಂಗ ಉಳಿತೈತಿ?"

ವಾಪಸು ಬರುವಾಗ ಅಪ್ಪ ನನಗೆ ಪೇಢೆ ಕೊಡಿಸಿದ. ತಿಂದೆ. ಅದೂ ಹಾಲಿನದೇ.

ಹೋದ ತಿಂಗಳು ಮೊಮ್ಮಗಳು ದಾಂಡೇಲಿಯ ಹತ್ತಿರದ ಒಂದು ರಿಸಾರ್ಟಿಗೆ ಕರೆದೊಯ್ದಳು. ಬಾಗಿಲಲ್ಲೇ, ಅಪ್ಪ ಎಂದೋ ಮಾರಿದ್ದ ನಮ್ಮ ಕಾರು ನಿಂತಿತ್ತು. ಹೊಲಸು ಗುಲಾಬಿ ಪೇಂಟು, ಎಂಜಿನ್ ಇದ್ದಲ್ಲಿ ಹೂಕುಂಡ. ಡ್ಯಾಶ್‌ಬೋರ್ಡಿನ ಗೀರನ್ನು ನೋಡದಿದ್ದರೆ ನಾನು ಗುರುತಿಸುತ್ತಿರಲಿಲ್ಲ. ಒಳಗೆ ಎಂಥದೋ ಲೆಮನ್ ಫ್ರೆಶ್‌ನರ್ ವಾಸನೆ, ಆ ಹುಳಿ ನಾತಕ್ಕಿಂತ ಅಸಹ್ಯ. ಪೆಟ್ರೋಲಿನ ಮುಳ್ಳು ಫುಲ್ ತೋರಿಸುತ್ತಿತ್ತು.

"ಅದು ವರ್ಕಿಂಗ್ ಇಲ್ರಿ ಆಂಟಿ," ಎಂದ ಅಲ್ಲಿನ ಮ್ಯಾನೇಜರ್. "ಫೋಟೋದಾಗ ಚಂದ ಕಾಣಲಿ ಅಂತ ಗಮ್ ಹಾಕಿ ಅಂಟಿಸೇವಿ."

ಅಜ್ಜಿ ಇಲ್ಲ, ಅಪ್ಪ ಇಲ್ಲ, ಮಿಸ್ತ್ರಿ ಇಲ್ಲ. ಬಸಣ್ಣ ಎಲ್ಲಿ ಹೋದನೆಂದು ನಾವು ಕೇಳಲೂ ಇಲ್ಲ. ನಿಜ ಹೇಳಿಕೊಳ್ಳಲು ಈ ಅಪರಿಚಿತನೊಬ್ಬನೇ ಉಳಿದಿದ್ದ.

"ಇದರೊಳಗ ಹಾಲು ಹೊಯ್ದಾಕಿ ನಾನಪಾ," ಎಂದೆ.

"ಹೌದೇನ್ರಿ? ಸೋ ನೈಸ್," ಎಂದು ಅವನು ಮೊಬೈಲು ಎತ್ತಿದ. "ಸ್ಟೇರಿಂಗ್ ಹಿಡ್ಕೊಂಡು ಕುಂದರ್ರಿ, ಒಂದ ಫೋಟೋ ತಗಿತೇನಿ."

ಅದು ಬಸಣ್ಣನ ಸೀಟು. ನಾನು ಕೂರಲಿಲ್ಲ.