ಹಿಡಿಯಕ್ಕಿಯ ಡಬ್ಬಿ

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಸತ್ಯವೇದ ಓದಲು ಬರುತ್ತದೆ, ಬರೆಯಲು ಹೋದರೆ ಕೈ ತಡೆಯುತ್ತದೆ. ಆದರೂ ಈ ಸಂತೋಷವನ್ನು ಬರೆದಿಡದಿದ್ದರೆ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಚೆಲ್ಲಿಹೋದೀತು ಎಂದು ಕುಳಿತಿದ್ದೇನೆ.

ಮಗಳ ಎರಡನೇ ಬಾಣಂತನಕ್ಕೆಂದು ಪರದೇಶಕ್ಕೆ, ಸ್ಟರ್ಲಿಂಗ್ ಎಂಬ ಊರಿಗೆ ಹೋಗಿದ್ದೆ. ಅಳಿಯ ಕೆಲಸ ಮಾಡುವ ರೆಸ್ಟನ್‌ಗೆ ಮೆಟ್ರೋ ರೈಲು ಹೊಸದಾಗಿ ಬಂದ ವರ್ಷ ಅದು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಮಗಳಿಗೆ ಅಳವಿ ಬೀಜದ ಪಾಯಸ, ದೊಡ್ಡ ಮೊಮ್ಮಗಳಿಗೆ ಶಾಲೆಯ ಬುತ್ತಿ, ಅಷ್ಟರಲ್ಲಿ ಕೂಸು ಮತ್ತೆ ಅತ್ತಿರುತ್ತಿತ್ತು. ಬೆನ್ನು ನೆಟ್ಟಗಾಗುವ ಹೊತ್ತಿಗೆ ಮತ್ತೆ ಬಗ್ಗುವ ಕೆಲಸ. ದಣಿವು ಎಂಥದೆಂದರೆ, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆಮೆನ್ ಬರುವ ಮೊದಲೇ ನಿದ್ದೆ ಬರುತ್ತಿತ್ತು. ಆ ದೇಶದಿಂದ ನನ್ನ ಅರ್ಧಂಬರ್ಧ ಪ್ರಾರ್ಥನೆಗಳೇ ದೇವರಿಗೆ ಮುಟ್ಟಿರಬೇಕು.

ಹೋಗುವಾಗ ಸೀರೆಗಳ ನಡುವೆ ಒಂದು ಹಿತ್ತಾಳೆ ಡಬ್ಬಿ ಸುತ್ತಿ ಒಯ್ದಿದ್ದೆ. ನನ್ನ ಅವ್ವನದು, ಅವಳಿಗೆ ಅವಳ ಅವ್ವ ಕೊಟ್ಟದ್ದು. ಮುಚ್ಚಳದ ಮೇಲೆ ಯಾರೋ ಮೊಳೆಯಿಂದ ಕೊರೆದ ಶಿಲುಬೆ, ಸ್ವಲ್ಪ ಸೊಟ್ಟ. ನಮ್ಮ ಬೆಟಗೇರಿಯ ಕ್ರೈಸ್ತರ ಮನೆಗಳಲ್ಲಿ, ಅಡುಗೆಗೆಂದು ತೆಗೆದ ಕಾಳಿನಲ್ಲಿ ಮೊದಲ ಹಿಡಿ ಇಂಥ ಡಬ್ಬಿಗೆ. ಐತವಾರ ಅದು ಚರ್ಚಿಗೆ ಹೋಗುತ್ತಿತ್ತು, ಅಲ್ಲಿಂದ ಗತಿಯಿಲ್ಲದವರ ಒಲೆಗೆ. ಹೆಸರು ಹಿಡಿಯಕ್ಕಿ, ನಾವು ಹಾಕುತ್ತಿದ್ದುದು ಜೋಳ. ಅಕ್ಕಿ ಎಂದರೆ ಹಬ್ಬದ ಮಾತು. ಮನೆಯಲ್ಲಿ ತಳ ಕಾಣುತ್ತಿದ್ದ ದಿನವೂ ಅವ್ವನ ಹಿಡಿ ಸಣ್ಣದಾಗಲಿಲ್ಲ. ದೇವರ ವಿಷಯ ನಾನು ತಿಳಿದದ್ದು ಅರ್ಧ ಚರ್ಚಿನ ಅಯ್ಯನವರ ಪ್ರಸಂಗದಿಂದ, ಅರ್ಧ ಆ ಕೈಯಿಂದ.

ಡಬ್ಬಿಯನ್ನು ನೋಡಿ ಮಗಳು ಕಣ್ಣು ಒರೆಸಿಕೊಂಡಳು. ಹುಣಸೆಹುಳಿ ಹಚ್ಚಿ ತಿಕ್ಕಿ, ಬಂಗಾರದ ಹಾಗೆ ಹೊಳೆಯಿಸಿ, ಹೊರಗಿನ ಕೋಣೆಯ ಕಪಾಟಿನಲ್ಲಿ ಫೋಟೋಗಳ ಪಕ್ಕ ಇಟ್ಟಳು. ಕೂಸನ್ನು ನೋಡಲು ಬಂದ ಬೆಂಗಳೂರಿನ ಗೆಳತಿಯೊಬ್ಬಳು, "ಆಂಟಿ, ಎಷ್ಟು ಚೆನ್ನಾಗಿದೆ, ಆಂಟೀಕ್ ಥರಾ" ಅಂದಳು. ನಾನು ನಕ್ಕೆ. ಹೊಟ್ಟೆ ಖಾಲಿ ಇರುವ ಡಬ್ಬಿ ಎಷ್ಟು ಹೊಳೆದರೇನು?

ಮರುದಿನ ಅದನ್ನು ಅಡುಗೆಮನೆಗೆ ತಂದೆ. ಮಗಳು ಬೇಡ ಅನ್ನಲಿಲ್ಲ. ಚರ್ಚಿಗೆ ಕೊಡುವುದು ಈಗ ಫೋನಿನಿಂದಲೇ ಹೋಗುತ್ತದೆ, ಇಲ್ಲಿ ಬಿಡಿ ಅಕ್ಕಿ ಯಾರೂ ತೆಗೆದುಕೊಳ್ಳುವುದಿಲ್ಲ ಅಂದಳು. ಐತವಾರ ಚರ್ಚಿನಲ್ಲಿ ಕೇಳಿಯೂ ನೋಡಿದಳು, ನನ್ನ ಸಮಾಧಾನಕ್ಕೆ. ದಾನದ ಕೋಣೆ ನೋಡಿಕೊಳ್ಳುವ ಹೆಂಗಸು ನನ್ನ ಕೈ ಹಿಡಿದು ನಗುತ್ತಲೇ, ಬಿಚ್ಚಿದ ಧಾನ್ಯ ನಡೆಯುವುದಿಲ್ಲ, ಬೇಯಿಸಿ ತಂದರೆ ತಿಂಗಳ ಸಹಭೋಜನಕ್ಕೆ ಆದೀತು ಅಂದಳಂತೆ. ಎಳೆ ಕೂಸು ಇಟ್ಟುಕೊಂಡು ಅಷ್ಟು ಜನಕ್ಕೆ ಬೇಯಿಸುವವರು ಯಾರು?

ಆದರೂ ನಾನು ಹಿಡಿ ಹಾಕುವುದನ್ನು ನಿಲ್ಲಿಸಲಿಲ್ಲ. ನನಗಿದ್ದದ್ದು ಒಂದೇ ಆಸೆ. ನಾನು ವಿಮಾನ ಹತ್ತುವ ಮೊದಲು ಈ ಮನೆಯ ಒಂದು ಕೈಯಾದರೂ ತಾನಾಗಿ ಆ ಡಬ್ಬಿಗೆ ಹೋಗಬೇಕು. ಇಲ್ಲದಿದ್ದರೆ ಅವ್ವನಿಂದ ಬಂದದ್ದು ನನ್ನಲ್ಲಿಗೇ ನಿಂತುಹೋಗುತ್ತದೆ. ಹೇಳಿ ಮಾಡಿಸುವುದು ನನಗೆ ಬೇಕಿರಲಿಲ್ಲ. ನನಗೂ ಅವ್ವ ಹೇಳಿ ಮಾಡಿಸಿರಲಿಲ್ಲ.

ಏಳು ವರ್ಷದ ಮೊಮ್ಮಗಳು ದಿನಾ ನಿಂತು ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅಷ್ಟರಲ್ಲಿ ನನಗೆ ಜ್ವರ ಬಂತು. ನಾಲ್ಕಾರು ದಿನ ಮಲಗಿದಲ್ಲೇ ಇದ್ದೆ. ಎದ್ದ ದಿನ ಕೂಸನ್ನು ಬಗಲಲ್ಲಿಟ್ಟುಕೊಂಡು ಡಬ್ಬಿಯ ಮುಚ್ಚಳ ತೆಗೆದರೆ ಗಪ್ಪನೆ ಹುಳಿ ವಾಸನೆ. ಅಕ್ಕಿ ಗಂಟುಗಟ್ಟಿ, ಮೇಲೆ ಬೂಸು ಬಂದಿತ್ತು.

ವಾಸನೆಗೆ ಮಗಳು ಓಡಿ ಬಂದಳು. ಅವಳಿಗೂ ನಿದ್ದೆಯಿಲ್ಲದ ದಿನಗಳು.

"ಸಾಕ್ ಬಿಡವ್ವಾ. ಇಲ್ಲೆ ಇದು ನಡಿಯೂದಿಲ್ಲ. ತೊಳದು ಕಪಾಟಿನ್ಯಾಗ ಇಡ್ತೀನಿ, ಚಂದನರ ಕಾಣತೈತಿ."

ಹೂಂ ಅಂದು ಕುರ್ಚಿಯ ಮೇಲೆ ಕುಳಿತೆ. ಆಗ ಬಾಗಿಲಲ್ಲಿ ಮೊಮ್ಮಗಳು ಕಂಡಳು. ಅಜ್ಜಿಗೆ ಜ್ವರ ಬಂದಿದೆ ಎಂದು ಹಿಡಿ ತಾನು ಹಾಕಿದ್ದಳಂತೆ, ದಿನಾ, ಯಾರಿಗೂ ಹೇಳದೆ. ಅಮ್ಮ ತೊಳೆದು ನೆನೆಯಿಟ್ಟ ಪಾತ್ರೆಯಿಂದ.

"ಅಜ್ಜಿ, ಜೀಸಸ್‌ಗೆ ನನ್ನ ರೈಸ್ ಬೇಡ."

ಇದಕ್ಕೆ ನನ್ನ ಬಳಿ ಉತ್ತರ ಇರಬೇಕಿತ್ತು. ಇಷ್ಟು ವರ್ಷ ಚರ್ಚಿನ ಪೀಠದ ಮುಂದೆ ಕುಳಿತವಳು ನಾನು. ಕೂಸಿನ ಬೆನ್ನು ತಟ್ಟುತ್ತಿದ್ದೆ, ಅಷ್ಟೆ.

ಮಗಳು ಕೆಟ್ಟ ಅಕ್ಕಿ ಚೆಲ್ಲಿದಳು. ಬಿಸಿನೀರಿನಲ್ಲಿ ಡಬ್ಬಿ ತೊಳೆದಳು, ಒರೆಸಿದಳು, ಒಳಗೆ ಬೆರಳಾಡಿಸಿ ಪಸೆ ಇದೆಯೇ ಎಂದು ನೋಡಿದಳು. ಇನ್ನು ಕಪಾಟಿಗೇ ಎಂದುಕೊಂಡೆ. ಅವಳು ಅಕ್ಕಿಚೀಲವನ್ನು ಎಳೆದು ತಂದು, ನೆಲದ ಮೇಲೆ ತನ್ನ ಮಗಳ ಎದುರು ಕುಳಿತಳು.

"ಬ್ಯಾಡಂತ ಯಾರಂದ್ರು? ತೊಯ್ದ ಅಕ್ಕಿ ಇಟ್ರ ಯಾರ್ದಾದ್ರೂ ಕೆಡತೈತಿ. ತೊಳಿಯೂಕಿಂತ ಮೊದಲ ತೆಗೀಬೇಕು. ನಮ್ಮಜ್ಜಿ ಮೊದ್ಲು ನನ್ನ ಕೈ ಒರಸ್ತಿದ್ಲು, ಹಿಂಗ."

ತನ್ನ ನೈಟಿಯ ಅಂಚಿನಿಂದ ಆ ಪುಟ್ಟ ಅಂಗೈಯನ್ನು ಒರೆಸಿದಳು. ಅವ್ವ ಇವಳ ಕೈ ಹಿಡಿದು ಹೀಗೆ ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ಕಾಲ ಅದು. ಮನೆಯಲ್ಲಿ ಇಬ್ಬರೇ ಇರುತ್ತಿದ್ದರು.

ಎಷ್ಟು ಹಾಕಬೇಕು ಎಂದು ಮೊಮ್ಮಗಳು ಕೇಳಿದಳು. ಕೈಯಲ್ಲಿ ಹಿಡಿದಷ್ಟು ಎಂದು ಉತ್ತರ ಬಂತು.

"ಟೂ ಹ್ಯಾಂಡ್ಸ್ ಓಕೆನಾ?"

"ಎರಡೂ ನಿನ್ನ ಕೈನ ಅಲ್ಲೇನು?"

ಅಷ್ಟು ಸಾಕಾಯಿತು. ಚೀಲದಿಂದ ಹಾಕಿದ್ದಲ್ಲದೆ, ಸಂಜೆ ಕುಕ್ಕರಿಗೆ ಅಳೆದಿಟ್ಟ ಅಕ್ಕಿಯಿಂದಲೂ ಹುಡುಗಿ ಎರಡು ಕೈಯಲ್ಲಿ ಬಾಚಿದ್ದಾಳೆ. ಊಟಕ್ಕೆ ಕುಳಿತ ಅಳಿಯ ಪಾತ್ರೆಯ ತಳ ಕೆರೆದು, ಇವತ್ತು ಅನ್ನ ಯಾಕೆ ಇಷ್ಟು ಕಡಿಮೆ ಎಂದು ಕೇಳಿದರು. ನಾನು ಎರಡು ಚೂರು ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದು ಹೋಗಿ ಮಲಗಿದೆ. ಚರ್ಚಿನ ಸಹಭೋಜನಕ್ಕೆ ಡಬ್ಬಿಯ ಅಕ್ಕಿಯಲ್ಲಿ ಚಿತ್ರಾನ್ನವೋ ಪುಲಾವೋ ಎಂದು ತಾಯಿ ಮಗಳು ಅಡುಗೆಮನೆಯಲ್ಲಿ ವಾದಿಸುತ್ತಿದ್ದರು. ಯಾರು ಗೆದ್ದರೋ, ಕೇಳುತ್ತ ಕೇಳುತ್ತ ನನಗೆ ನಿದ್ದೆ ಹತ್ತಿತು.