ಒಬ್ಬರೇ ಹೇಳಬಾರದ ಸುದ್ದಿ

ದುಂಡನೆಯ ಬ್ರೆಡ್ಡು ಹಲಗೆಯ ಮೇಲೆ ಬೆನ್ನು ಕೆಳಗಾಗಿ ಬಿದ್ದಿತ್ತು. ಎರಡು ಹೋಳು ಕತ್ತರಿಸಿ ಅದನ್ನು ಹಾಗೆ ಬಿಟ್ಟವಳು ನಾನೇ. ಅಷ್ಟರಲ್ಲಿ ಫೋನ್ ಬಂತು, ಬಾಲ್ಕನಿಗೆ ಹೋಗಿ ಮಾತಾಡಿದೆ. ಒಳಗೆ ಬಂದು ಮೊದಲು ಮಾಡಿದ್ದು, ಬ್ರೆಡ್ಡನ್ನು ತಿರುಗಿಸಿ ಸರಿಯಾಗಿ ಇಟ್ಟದ್ದು.

ಅದು ದಿನವೂ ನನ್ನ ರೂಮ್‌ಮೇಟ್ ಮಾಡುತ್ತಿದ್ದ ಕೆಲಸ. ಅವಳು ಕಝಾಕಸ್ತಾನದವಳು. ನಾವಿಬ್ಬರೂ ಅಮೆರಿಕದ ರಾಲಿಯಲ್ಲಿ ಓದುತ್ತಿದ್ದೆವು. ಅವಳದು ಮಣ್ಣಿನ ವಿಜ್ಞಾನ, ನನ್ನದು ಸಂಖ್ಯಾಶಾಸ್ತ್ರ. ಬ್ರೆಡ್ಡು ಮಗುಚಿ ಬಿದ್ದಿರುವುದನ್ನು ನೋಡಿದರೆ ಅವಳಿಗೆ ಆಗುತ್ತಿರಲಿಲ್ಲ. ಆದರೆ ನನಗೆ ಏನೂ ಹೇಳದೆ, ಹಾದುಹೋಗುವಾಗ ಒಂದು ಕೈಯಲ್ಲಿ ತಿರುಗಿಸಿ ಹೋಗುತ್ತಿದ್ದಳು. ಅವಳಿಂದ ತಿಳಿದ ನಿಯಮಗಳು ಇನ್ನೂ ಇದ್ದವು: ಮನೆಯೊಳಗೆ ಸಿಳ್ಳೆ ಹಾಕಬಾರದು, ಅತಿಥಿಗೆ ಬಟ್ಟಲು ತುಂಬ ಟೀ ಕೊಡಬಾರದು, ತುಂಬಿ ಕೊಟ್ಟರೆ ಬೇಗ ಎದ್ದು ಹೋಗಿ ಎಂದಂತೆ. ಹೊಸ್ತಿಲ ಮೇಲೆ ನಿಲ್ಲಬಾರದು ಎಂಬುದು ನಮ್ಮ ಮನೆಯಲ್ಲೂ ಇದ್ದದ್ದರಿಂದ ಅದೊಂದನ್ನು ನಾನು ಹೊಸದಾಗಿ ಕಲಿಯಬೇಕಾಗಲಿಲ್ಲ. ಎರಡು ವರ್ಷ ಹೀಗೆ, ಹೆಚ್ಚು ಮಾತಿಲ್ಲದೆ, ಒಬ್ಬರಿಗೊಬ್ಬರು ತೊಂದರೆ ಕೊಡದೆ ಇದ್ದೆವು.

ಫೋನ್ ಮಾಡಿದವರು ಎರಡೂವರೆ ಗಂಟೆ ದಾರಿಯ ಶಾರ್ಲಟ್‌ನ ಬ್ಯಾಲಂಟೈನ್‌ನಲ್ಲಿರುವ ಒಬ್ಬ ಕಝಾಕ್ ಆಂಟಿ, ಅವಳ ತಂದೆಯ ಕಡೆಯಿಂದ ದೂರದ ಸಂಬಂಧ. ಹಿಂದೊಮ್ಮೆ ವಸಂತದ ಹಬ್ಬಕ್ಕೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಮಾಂಸ ತಿನ್ನದ ನನಗೆಂದು ಆಲೂಗಡ್ಡೆಯನ್ನು ಬೇರೆಯೇ ಬೇಯಿಸಿದ್ದರು.

ಅವರು ಹೇಳಿದ ಸುದ್ದಿ: ನನ್ನ ರೂಮ್‌ಮೇಟ್‌ಳ ಅಜ್ಜಿ ತೀರಿಕೊಂಡಿದ್ದರು. ಅವರಲ್ಲಿ ಮೊದಲ ಮೊಮ್ಮಗುವನ್ನು ಅಜ್ಜಿ ತಾತ ತಮ್ಮದೇ ಮಗುವಾಗಿ ಸಾಕಿಕೊಳ್ಳುವ ಪದ್ಧತಿಯಿದೆ. ಅವಳು ಹಾಗೆ ಬೆಳೆದವಳು. ಅಜ್ಜಿಯನ್ನೇ ಅಮ್ಮ ಎನ್ನುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ವಿಡಿಯೋ ಕಾಲ್ ಮಾಡುತ್ತಿದ್ದದ್ದೂ ಆ ಅಜ್ಜಿಗೇ. ಅಂದು ಭಾನುವಾರ. ಆಗ ಒಂಬತ್ತೂವರೆ.

“ನೀನು ಹೇಳಬೇಡ,” ಎಂದರು ಆಂಟಿ. ನಾವೆಲ್ಲ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಫೋನಿನಲ್ಲಿ ನಾನೂ ಹೇಳುವುದಿಲ್ಲ. ಇಂಥ ಸುದ್ದಿಯನ್ನು ಒಬ್ಬರೇ ಹೇಳಬಾರದು, ಕೇಳುವವರೂ ಒಬ್ಬರೇ ಇರಬಾರದು. ಹಿರಿಯರನ್ನು ಕರೆದುಕೊಂಡು ಹೊರಟಿದ್ದೇನೆ. ನಾವು ಬರುವವರೆಗೆ ಅವಳು ಮನೆಗೆ ಫೋನ್ ಮಾಡದಂತೆ ನೋಡಿಕೋ.”

ನಮ್ಮ ಕಡೆಯೂ ಫೋನಿನಲ್ಲಿ ‘ಹೋದರು’ ಎನ್ನುವುದಿಲ್ಲ. ‘ಸೀರಿಯಸ್ ಆಗಿದೆ, ಹೊರಟು ಬಾ’ ಎನ್ನುತ್ತಾರೆ. ಹೊರಟು ಬರಲಾಗದವರಿಗೆ ಏನು ಹೇಳಬೇಕು ಎಂಬುದು ಮಾತ್ರ ಸಾಂಕ್ರಾಮಿಕದ ಆ 2021ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನಲ್ಲಿ ನನ್ನ ತಾತ ತೀರಿಕೊಂಡದ್ದು ನನಗೆ ತಿಳಿದದ್ದು ಮನೆಯವರ ವಾಟ್ಸಾಪ್ ಗ್ರೂಪಿನಿಂದ, ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಹಾರ ಹಾಕಿದ ಫೋಟೋ ಬಂದಿತ್ತು. ಡ್ರೈಯರ್ ನಿಲ್ಲುವವರೆಗೆ ಅಲ್ಲೇ ನಿಂತಿದ್ದು, ಬಟ್ಟೆ ಮಡಚಿಕೊಂಡು ಮೇಲೆ ಬಂದೆ. ಆಂಟಿಯ ಮಾತಿಗೆ ನಾನು ತಕ್ಷಣ ಆಗಲಿ ಎಂದದ್ದು ಅದಕ್ಕೇ.

ರೂಮ್‌ಮೇಟ್ ಸ್ನಾನ ಮುಗಿಸಿ ಬಂದಳು. ಅಕ್ಕಿ ಮುಗಿದಿದೆ, ಮಾರಿಸ್‌ವಿಲ್‌ನ ಇಂಡಿಯನ್ ಅಂಗಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು, ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಈಗಲೇನಾ ಎಂದಳು. ಈಗಲೇ ಎಂದೆ. ಫೋನನ್ನು ಚಾರ್ಜಿಗೆ ಹಾಕಿ, ಕೀ ತೆಗೆದುಕೊಂಡು ಹೊರಟಳು. ಫೋನ್ ಮನೆಯಲ್ಲೇ ಉಳಿದದ್ದು ನನ್ನ ಅದೃಷ್ಟ ಎಂದುಕೊಂಡೆ.

ಅಂಗಡಿಯಲ್ಲಿ ನಾನು ಬೇಕೆಂದೇ ತಡ ಮಾಡಿದೆ. ಸೋನಾ ಮಸೂರಿಯ ಚೀಲಗಳನ್ನು ಒಂದೊಂದಾಗಿ ಓದಿದೆ. ಉಪ್ಪಿನಕಾಯಿಯ ಸಾಲಿನಲ್ಲಿ ಬಹಳ ಹೊತ್ತು ನಿಂತೆ. ಅವಳು ಒಮ್ಮೆಯೂ ಹೊರಡೋಣ ಎನ್ನಲಿಲ್ಲ. ಟ್ರಾಲಿಗೆ ಒಂದು ದೊಡ್ಡ ಮೈದಾ ಪ್ಯಾಕೆಟ್, ಒಂದು ಕ್ಯಾನ್ ಎಣ್ಣೆ ಹಾಕಿದಳು. ನಾವು ಎಣ್ಣೆ ತಂದು ಒಂದು ವಾರವೂ ಆಗಿರಲಿಲ್ಲ. ನಾನು ಅದನ್ನು ಹೇಳಲಿಲ್ಲ. ಆ ಹೊತ್ತಿನಲ್ಲಿ ಬಾಯಿ ತೆರೆದರೆ ಬೇರೇನಾದರೂ ಬಂದುಬಿಟ್ಟೀತು ಎಂಬ ಭಯ. ಬಿಲ್ಲಿಂಗ್ ಮುಗಿದ ಮೇಲೆ ದೋಸೆ ತಿನ್ನೋಣ ಎಂದೆ. ಪಕ್ಕದ ಹೋಟೆಲಿನಲ್ಲಿ ಕೂತು, ಇಬ್ಬರೂ ಅರ್ಧರ್ಧ ದೋಸೆ ಬಿಟ್ಟು ಎದ್ದೆವು.

ನಾವು ಹಿಂದಿರುಗಿದಾಗ ಪಾರ್ಕಿಂಗ್‌ನಲ್ಲಿ ಆಂಟಿಯ ಕಾರು ನಿಂತಿತ್ತು. ಆಂಟಿ, ಅವರ ಗಂಡ, ಗಂಡನ ವಯಸ್ಸಾದ ತಾಯಿ ಇಳಿದು ನಿಂತಿದ್ದರು. ರೂಮ್‌ಮೇಟ್ ಎಂಜಿನ್ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಒಂದು ಕ್ಷಣ ಕೂತಳು. ಆಮೇಲೆ ಇಳಿದು, ಅಕ್ಕಿ ಚೀಲವನ್ನು ನನಗೂ ಕೊಡದೆ ತಾನೇ ಎತ್ತಿಕೊಂಡಳು.

ಮನೆಯೊಳಗೆ ಎಲ್ಲರೂ ಕೂತರು. ಮಾತಾಡಿದ್ದು ಆಂಟಿಯ ಅತ್ತೆಯೊಬ್ಬರೇ, ಅವರ ಭಾಷೆಯಲ್ಲಿ. ನನಗೆ ಅರ್ಥವಾಗುತ್ತಿರಲಿಲ್ಲ, ಆದರೆ ಮಾತು ನೇರ ಬರುತ್ತಿಲ್ಲ, ಎಲ್ಲೋ ದೂರದಿಂದ ಸುತ್ತಿ ಬರುತ್ತಿದೆ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಮೊದಲು ತಮ್ಮ ತಾಯಿಯ ವಿಷಯ ಹೇಳಿದರಂತೆ, ಆಮೇಲೆ ಕೆರೆಯಿಂದ ಹಾರಿಹೋಗುವ ಹಕ್ಕಿಯ ವಿಷಯ. ನನ್ನ ಗೆಳತಿ ತಲೆ ತಗ್ಗಿಸಿಕೊಂಡು ಆ ಮಾತು ಪೂರ್ತಿ ಮುಗಿಯುವವರೆಗೆ ಕಾದಳು. ಮುಗಿದ ಮೇಲೆ ಅತ್ತಳು. ಒಬ್ಬೊಬ್ಬರೂ ಅವಳನ್ನು ತಬ್ಬಿಕೊಂಡು ಅತ್ತರು. ನನ್ನ ಸರದಿಯೂ ಬಂತು. ಅವಳ ಒದ್ದೆ ಕೆನ್ನೆ ನನ್ನ ಕತ್ತಿಗೆ ತಾಗಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು.

ಆಂಟಿಯ ಗಂಡನೂ ಅತ್ತೆಯೂ ಸಂಜೆಗೆ ಹೊರಟರು, ಆಂಟಿ ಉಳಿದುಕೊಂಡರು. ನಾಳೆ ಬೆಳಿಗ್ಗೆ ಎಣ್ಣೆಯಲ್ಲಿ ಏಳು ರೊಟ್ಟಿ ಕರಿಯಬೇಕು, ನೆರೆಹೊರೆಗೆ ಹಂಚಬೇಕು ಎಂದರು. ಕಾದ ಎಣ್ಣೆಯ ವಾಸನೆ ಹೋದವರಿಗೆ ಮುಟ್ಟುತ್ತದಂತೆ.

ಇದೇ ದೇಶದ ಅಲ್ಫರೆಟಾದಲ್ಲಿರುವ ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ.

“ಅಯ್ಯೋ ಪಾಪ. ಅನ್ನ ಸಾರು ಮಾಡಿಬಿಡು, ಸಾಕು. ಬಾಣಲೆ ಮಾತ್ರ ಇಡ್ಬೇಡ ಕಣೇ, ಸೂತಕದ ಮನೆ.”

“ಅವರಲ್ಲಿ ಕರೀಲೇಬೇಕಂತೆ ಚಿಕ್ಕಮ್ಮ. ಎಣ್ಣೆ ವಾಸನೆ ಸತ್ತವರಿಗೆ ಮುಟ್ಟುತ್ತಂತೆ.”

“ಹಾಗಾದ್ರೆ ಸ್ಮೋಕ್ ಅಲಾರ್ಮ್ ನೋಡ್ಕೋ. ದೀಪಾವಳೀಲಿ ನಮ್ಮನೇಲಿ ಏನಾಯ್ತು ಮರ್ತೋಯ್ತಾ? ಫೈರ್ ಟ್ರಕ್ಕೇ ಬಂತು. ನಿಮ್ಮ ಚಿಕ್ಕಪ್ಪ ಅವರಿಗೂ ಚಕ್ಲಿ ಕೊಟ್ಟು ಕಳಿಸಿದ್ರು.” ಆಮೇಲೆ, “ನೀನು ಊಟ ಮಾಡಿದ್ಯಾ?” ಎಂದರು.

ನಾನು ಅಡುಗೆಮನೆಗೆ ಬಂದಾಗ ರೂಮ್‌ಮೇಟ್ ಮೈದಾ ಪ್ಯಾಕೆಟ್ಟನ್ನು ಕೌಂಟರಿನ ಮೇಲೆ ಇಡುತ್ತಿದ್ದಳು. ಇವತ್ತೇ ತಂದದ್ದು ಒಳ್ಳೆಯದಾಯಿತು ಎಂದು ಹೇಳಹೋಗಿ ಅರ್ಧಕ್ಕೆ ನಿಲ್ಲಿಸಿದೆ.

“ಎರಡು ವರ್ಷದಲ್ಲಿ ನೀನು ನನ್ನ ಹತ್ತಿರ ಒಂದು ಪೆನ್ನೂ ಕೇಳಿಲ್ಲ,” ಎಂದಳು. “ಅಕ್ಕಿ ಮೂಟೆ ಹೊತ್ತುಕೊಂಡು ಬಸ್ಸಿನಲ್ಲಿ ಬರುವವಳು. ಇವತ್ತು ಕಾರು ಕೇಳಿದೆ. ಬ್ರೆಡ್ಡೂ ಸರಿಯಾಗಿ ಇಟ್ಟಿತ್ತು.”

ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

“ಕೇಳಿದ್ದರೆ ನೀನು ಹೇಳಬೇಕಾಗುತ್ತಿತ್ತು. ನೀನು ಒಬ್ಬಳೇ ಇದ್ದೆ.”

ನಾನು ಬಟ್ಟೆ ತೆಗೆದುಕೊಂಡು ಒಣಗಿದ್ದ ಪಾತ್ರೆಗಳನ್ನೇ ಮತ್ತೆ ಒರೆಸಿದೆ. ಒರೆಸುತ್ತಲೇ ಲಾಂಡ್ರಿ ರೂಮಿನ ವಿಷಯ ಅವಳಿಗೆ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಾಲ್ಕನಿಯ ಬಾಗಿಲು ಪೂರ್ತಿ ತೆರೆದು, ಬಾಣಲೆ ಇಟ್ಟೆ. ಆಂಟಿ ಹಾಲಿನಲ್ಲಿ ಹಿಟ್ಟು ಕಲಸಿಕೊಟ್ಟರು, ಅವಳು ಲಟ್ಟಿಸಿದಳು, ನಾನು ಕರಿದೆ. ಪೂರಿಗಿಂತ ಅಗಲವಾದ ರೊಟ್ಟಿಗಳು. ಏಳೂ ಆದ ಮೇಲೆ ಆಂಟಿ ಕೈಯೆತ್ತಿ ಪ್ರಾರ್ಥನೆ ಹೇಳುವ ಮೊದಲು, ನಿನ್ನ ತಾತನನ್ನೂ ಸೇರಿಸಲೇ ಎಂದು ನನ್ನನ್ನು ಕೇಳಿದರು. ಸೇರಿಸಿ ಎಂದೆ. ನಂತರ ಬಿಸಿ ರೊಟ್ಟಿಗಳಿದ್ದ ತಟ್ಟೆ ಹಿಡಿದು ಹೊರಗೆ ಬಂದೆ. ಎದುರುಮನೆಯವರ ಮುಖವನ್ನೂ ಸರಿಯಾಗಿ ನೋಡಿರದ ನಾನು ಅವರ ಬಾಗಿಲು ತಟ್ಟಿ, ಹೊಸ್ತಿಲನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ನಿಂತು ಕಾದೆ.