ಮೂರನೇ ರೆಕಾರ್ಡು ಮುಗಿದ ಮೇಲೆ

ಕಳೆದ ವಾರ ಅಂಕೋಲೆಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಬಡಿಸುವವನು ಇನ್ನೂ ಮುಂದಿನ ಎಲೆಗೆ ಹೋಗಿರಲಿಲ್ಲ, ನನ್ನ ಸಾರು ಎಲೆ ಬಿಟ್ಟು ಹೊರಟೇಬಿಟ್ಟಿತು. ಅನ್ನದ ಕಟ್ಟೆ ಒಡೆದು, ಉಪ್ಪಿನಕಾಯಿಗೆ ಒಂದು ಸುತ್ತು ಹಾಕಿ, ನೆಲಕ್ಕಿಳಿದು ವೇದಿಕೆಯ ಕಡೆಗೆ ಹರಿಯಿತು. ಪಕ್ಕದವರ ಸಾರೂ ಅದೇ ದಿಕ್ಕಿಗೆ.

"ಇಲ್ಲಿ ಹಂಗೇ ರೀ" ಎಂದರು ಪಕ್ಕದ ಎಲೆಯ ಹಿರಿಯರು, ಶೆಟಗೇರಿ ಊರಿನವರು. "ಟಾಕೀಸಿನ ನೆಲ ಅಲ್ಲಾ? ಮಟ್ಟ ಮಾಡ್ಲೇ ಇಲ್ಲ. ಅನ್ನದ ಕಟ್ಟೆ ಆ ಬದಿಗೆ ಕಟ್ಕಣಿ."

ಹೌದಲ್ಲ! ಈ ಕಲ್ಯಾಣ ಮಂಟಪ ಮೊದಲು ಊರಿನ ಟಾಕೀಸು. ಹಿಂದೆ ಕೂತವರಿಗೂ ಪರದೆ ಕಾಣಲಿ ಎಂದು ನೆಲವನ್ನು ಇಳಿಜಾರು ಮಾಡಿದ್ದರು. ಪರದೆ ಇದ್ದಲ್ಲಿ ಈಗ ಮದುವೆ ಮಂಟಪ. ಗೋಡೆಗೆ ಗುಲಾಬಿ ಬಣ್ಣ ಬಳಿದವರಿಗೆ ನೆಲ ಮಟ್ಟ ಮಾಡಲು ಪುರಸೊತ್ತಾಗಿಲ್ಲ.

ನನ್ನ ವಯಸ್ಸಿನ ಅಂಕೋಲೆಯವರಿಗೆ ಈ ಟಾಕೀಸಿನ ಚರಿತ್ರೆ ಬಾಯಿಪಾಠ. ಮೊದಲು ಟೆಂಟು, ಆಮೇಲೆ ತಗಡಿನ ಮಾಡು, ಕೊನೆಗೆ ಗಟ್ಟಿ ಗೋಡೆ. ಹುಬ್ಬಳ್ಳಿಯಲ್ಲಿ ಓಡಿ, ಕಾರವಾರದಲ್ಲಿ ಓಡಿ, ಮೈತುಂಬ ಗೀರುಬಿದ್ದ ಮೇಲೆ ಪ್ರಿಂಟು ಇಲ್ಲಿಗೆ ಬರುತ್ತಿತ್ತು. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಡೈಲಾಗು ಒಂದೂ ಕೇಳದು. ಜನ ತಾವೇ ಹೇಳಿಕೊಳ್ಳುತ್ತಿದ್ದರು. (ಕೆಲವೊಮ್ಮೆ ಸಿನಿಮಾದ್ದಕ್ಕಿಂತ ಚೆನ್ನಾಗಿಯೇ ಇರುತ್ತಿದ್ದವು.)

ಇಲ್ಲಿಯದೇ ಆದ ಒಂದು ಪದ್ಧತಿಯೂ ಇತ್ತು, ಮೂರು ರೆಕಾರ್ಡಿನದು. ಭಾನುವಾರದ ಮೂರು ಗಂಟೆಯ ಆಟಕ್ಕೆ ಮೊದಲು ಮಾಡಿನ ಮೇಲಿನ ಲೌಡ್‌ಸ್ಪೀಕರಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಮೊದಲನೆಯದು ಮನೆ ಬಿಡಲು, ಎರಡನೆಯದು ಟಿಕೆಟ್ ತೆಗೆಯಲು. ಮೂರನೆಯದು ಮುಗಿದರೆ ಆಟ ಶುರು. ಗದ್ದೆಯಲ್ಲಿದ್ದವರೂ ಅದನ್ನು ಕೇಳಿಯೇ ಕೈಕಾಲು ತೊಳೆಯುತ್ತಿದ್ದರು.

ರೆಕಾರ್ಡು ಹಾಕುವವನು ಆಪರೇಟರ್ ಹಮ್ಮಣ್ಣ. ಮೂವತ್ತು ವರ್ಷ ಅವನೊಬ್ಬನೇ ಆಪರೇಟರ್. ಮೂರನೇ ರೆಕಾರ್ಡು ಮುಗಿದ ಮೇಲೂ ಅವನು ಒಮ್ಮೊಮ್ಮೆ ಆಟ ಶುರು ಮಾಡುತ್ತಿರಲಿಲ್ಲ. ಮೇಲಿನ ಕ್ಯಾಬಿನ್ನಿನ ಕಿಟಕಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದ.

"ಎಷ್ಟು ಚೆಂದ ಇತ್ತು ಅಲ್ಲಾ ಟಾಕೀಸು" ಎಂದು ಹಿರಿಯರು ನಿಟ್ಟುಸಿರು ಬಿಟ್ಟರು. "ಈಗಿನವ್ರಿಗೆ ಅದರ ಬೆಲೆ ಎಂತಾ ಗೊತ್ತದೆ?"

"ನೀವು ಕೊನೆಗೆ ಯಾವಾಗ ಸಿನಿಮಾ ನೋಡಿದ್ರಿ ಇಲ್ಲಿ?"

ಅವರು ಲೆಕ್ಕ ಹಾಕಿದರು. "ಮನೆಗೆ ಕೇಬಲ್ಲು ಬಂದ್ಮೇಲೆ ಬರ್ಲಿಲ್ಲ ನೋಡಿ."

ನನಗೆ ಮೈ ಉರಿಯಿತು. ಟಾಕೀಸನ್ನು ಮನೆಯಲ್ಲೇ ಕೂತು ಸಾಯಿಸಿದವರು ಅದರ ಗೋರಿಯ ಮೇಲೆ ಕೂತು ಪಾಯಸ ಹೀರುತ್ತ ಅಳುವುದು ಯಾವ ಸಂಪತ್ತಿಗೆ?

ನಿಜ ಹೇಳಬೇಕೆಂದರೆ ನಾನು ಆಗಲೇ ಉರಿಯುತ್ತಿದ್ದೆ. ಮದುಮಗಳು ನನ್ನ ಹೆಂಡತಿಯ ಅಣ್ಣನ ಮಗಳು. ಆ ಹುಡುಗಿಗೆ ಇವಳು ಒಬ್ಬಳೇ ಸೋದರತ್ತೆ. ಧಾರೆಯ ಹೊತ್ತಿಗೆ ಆರತಿ ಹಿಡಿದು ನಿಲ್ಲಬೇಕಾದವಳು. ಹಿಂದಿನ ದಿನವೇ ಹೊರಡುತ್ತೇನೆ ಎಂದಿದ್ದಳು. ನಾನೇ ಬಿಡಲಿಲ್ಲ. "ಬೆಳಿಗ್ಗೆ ಅಂಕಣ ಫ್ಯಾಕ್ಸ್ ಮಾಡಿ ಜೊತೆಗೇ ಹೋಗೋಣ. ಕಾರವಾರದಿಂದ ಅಂಕೋಲೆ ಏನು ದಿಲ್ಲಿಯೇ?" ಗಂಡು ಕಾರವಾರದಾಚೆಯ ಹಣಕೋಣದವನು. ಗಂಡಿನ ದಿಬ್ಬಣದ ಬಸ್ಸು ಬೆಳಗಿನ ಜಾವವೇ ನಮ್ಮ ರಸ್ತೆಯಲ್ಲಿ ಹೋಗುವುದಿತ್ತು. ಅದರಲ್ಲಾದರೂ ಹೋಗೋಣ ಎಂದಳು. ಅದಕ್ಕೂ ನಾನು ಒಪ್ಪಲಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಬಸ್ಸಿನಲ್ಲೇ? ಮಾನ ಮರ್ಯಾದೆ ಬೇಡವೇ?

ಹಾಗಾಗಿ ಮಾನವಂತರಾಗಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಬಿದ್ದೆವು. ಕೆಂಪು ಧೂಳು ಕುಡಿಯುತ್ತ ಬಸ್ಸು ನಿಂತಿತು, ತೆವಳಿತು, ಮತ್ತೆ ನಿಂತಿತು. ಇನ್ನೇನು ಊರು ಬಂತು ಎನ್ನುವಲ್ಲಿ ಇಳಿದು ನಡೆದೇ ಹೊರಟೆವು. ಹೊಸ ಸೀರೆ ಎತ್ತಿ ಹಿಡಿದು ಇವಳು ಅಕ್ಷರಶಃ ಓಡಿದಳು. ನಾವು ಮೆಟ್ಟಿಲು ಹತ್ತುವಾಗ ಒಳಗೆ ಗಟ್ಟಿಮೇಳ ಕೇಳಿಸಿತು. ಧಾರೆ ಮುಗಿದಿತ್ತು. ಆರತಿ ಹಿಡಿದವರು ಯಾರೋ ನೆರೆಮನೆಯವರು.

ಇವಳು ಕಂಬದ ಪಕ್ಕ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು.

ಮುಹೂರ್ತ ಎಂದರೆ ಮುಹೂರ್ತ, ಸರಿ. ಆದರೆ ಹತ್ತು ನಿಮಿಷ ಹಿಂದೆಮುಂದೆ ಆಗದ ಮದುವೆ ನಮ್ಮ ಜಿಲ್ಲೆಯಲ್ಲಿ ಯಾವುದಿದೆ? ಭಾವನನ್ನೇ ಕೇಳಿದೆ. ಪಾಪ, ಅವರು ಕಾಯಲು ಸಿದ್ಧರಿದ್ದರಂತೆ.

"ತಂಗಿ ಬರ್ಲಿ ಅಂತ ಭಟ್ಟರ ಹತ್ರ ಹೇಳಿ ಐದು ನಿಮಿಷ ನಿಲ್ಸಿದ್ದೆ ಭಾವಾ. ಮೇಲಿನ ಕಿಟಕಿಯಿಂದ ರಸ್ತೆ ನೋಡು ಅಂತ ಹಮ್ಮಣ್ಣಂಗೆ ಹೇಳ್ದೆ. ಯಾರೂ ಬರೂದು ಕಾಣೂದಿಲ್ಲ ಅಂದ."

ಹಮ್ಮಣ್ಣ! ಅವನು ಇನ್ನೂ ಇಲ್ಲೇ ಇದ್ದಾನೆ. ಮಂಟಪದ ಮೈಕು, ಜನರೇಟರು, ಬೀಗದಕೈ ಎಲ್ಲ ಅವನದೇ.

ಇಲ್ಲಿ ನಾನೊಂದು ವಿಷಯ ಹೇಳಲೇಬೇಕು. ಹಳೆಯ ಓದುಗರಿಗೆ ನೆನಪಿರಬಹುದು. ಏಳೆಂಟು ವರ್ಷದ ಹಿಂದೆ ಇದೇ ಅಂಕಣದಲ್ಲಿ ಈ ಟಾಕೀಸಿನ ಮೇಲೆ ಬರೆದಿದ್ದೆ. ಹೆಂಡತಿಯ ಜೊತೆ ಭಾನುವಾರದ ಆಟಕ್ಕೆ ಹೋಗಿ, ಮೂರನೇ ರೆಕಾರ್ಡು ಮುಗಿದ ಮೇಲೂ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕಾಗಿ ಬಂದ ಸಿಟ್ಟಿಗೆ. 'ಅಂಕೋಲೆಯಲ್ಲಿ ಮೂರು ಗಂಟೆ ಎಂದರೆ ಆಪರೇಟರಿಗೆ ಎಚ್ಚರವಾಗುವ ಹೊತ್ತು' ಎಂದು ಬರೆದೆ. 'ಟೈಮ್ ಅಂದರೆ ಟೈಮ್ ಎಂದು ಇವರಿಗೆ ಯಾರು ಕಲಿಸಬೇಕು?' ಎಂದೂ ಕೇಳಿದ್ದೆ. ನೀವೆಲ್ಲ ಬಹಳ ನಕ್ಕಿರಿ. ಪತ್ರ ಬರೆದು ಬೆನ್ನು ತಟ್ಟಿದಿರಿ.

ಊಟ ಮುಗಿಸಿ ಕೈ ತೊಳೆದು ಬರುವಾಗ ಹಮ್ಮಣ್ಣ ಮೈಕಿನ ವಯರು ಸುತ್ತುತ್ತಿದ್ದ. ಕೂದಲು ಪೂರ್ತಿ ಬಿಳಿಯಾಗಿತ್ತು. ಗುರುತು ಹಿಡಿದು ನಕ್ಕ.

"ನಾವು ಬರುವುದು ನಿನಗೆ ಕಾಣಲಿಲ್ಲವೇ ಹಮ್ಮಣ್ಣ?"

"ಕಂಡಿತ್ತು" ಎಂದ. ಮುಖ ತಿರುಗಿಸಲೂ ಇಲ್ಲ. "ತಿರುವಿನ ಹತ್ರ ನೀವು ನಡ್ಕಂಡು ಬರೂದು ಕಂಡಿತ್ತು. ಬಾಯೋರು ಮುಂದೆ, ನೀವು ಹಿಂದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಟೈಮ್ ಅಂದ್ರೆ ಟೈಮ್ ಅಲ್ರಾ? ನೀವೇ ಬರ್ದದ್ದು."

ಅವನು ವಯರು ಸುತ್ತುತ್ತಲೇ ಹೇಳಿದ, ಸಿಟ್ಟೂ ಇಲ್ಲ, ಅಳುವೂ ಇಲ್ಲ.

"ಆ ಪೇಪರು ಟಾಕೀಸಿನ ಒಡೇರು ಕತ್ತರ್ಸಿ ಕ್ಯಾಬಿನ್ ಬಾಗಿಲಿಗೆ ಅಂಟ್ಸಿದ್ರು. ಇನ್ನು ಒಂದು ನಿಮಿಷ ತಡ ಮಾಡಿದ್ರೆ ನೀನು ಬೇಡ ಅಂದ್ರು. ನಾ ಎಂತಾ ಮಲಗಿದ್ನೇ ಅಲ್ಲಿ? ಬೆಳಂಬಾರದ ಹೆಂಗಸ್ರು ಬರ್ಬೇಕಾಗಿತ್ತು. ವಾರ ಎಲ್ಲಾ ಗದ್ದೆ ಕೆಲ್ಸ, ಒಂದಿನ ಸಿನಿಮಾ. ಮನೆ ಕೆಲ್ಸ ಮುಗ್ಸಿ, ಮಕ್ಕಳ ಸೊಂಟದ ಮೇಲೆ ಕೂರ್ಸ್ಕಂಡು ಅಷ್ಟು ದೂರ ನಡ್ದು ಬರ್ತಿದ್ರು. ಕಿಟಕಿಯಿಂದ ಅವ್ರ ಕೊಡೆ ಕಂಡ್ರೆ ನಾ ನಿಲ್ಸ್ತಿದ್ದೆ. ಕೂತ ಮೇಲೆ ಸುರು ಮಾಡ್ತಿದ್ದೆ."

"ಆಮೇಲೆ?"

"ಟೈಮಿಗೆ ಸರಿ ಸುರು ಮಾಡ್ದೆ. ಎರಡು ವಾರ ಅರ್ಧ ಕತೆ ನೋಡಿ ಹೋದ್ರು. ಮೂರನೇ ವಾರ ಬರ್ಲಿಲ್ಲ. ಮುಂದಿನ ಬೆಂಚು ಪೂರಾ ಅವ್ರದೇ ಆಗಿತ್ತು ನೋಡಿ. ಹಿಂದಿನ ಕುರ್ಚಿಯವ್ರು ಕೇಬಲ್ಲು ಬಂದ್ಕೂಡ್ಲೆ ಬಿಟ್ರು, ಕೊನೇವರೆಗೆ ಬರೂರು ಅವ್ರೇ ಆಗಿತ್ತು. ಎರಡು ಮಳೆಗಾಲ ಕಳೀಲಿಲ್ಲ, ಒಡೇರು ಬಾಗಿಲು ಹಾಕಿದ್ರು."

ವಯರಿನ ಸುರುಳಿ ಮೊಳೆಗೆ ಸಿಕ್ಕಿಸಿ ನನ್ನ ಕಡೆ ತಿರುಗಿದ. "ನಿಮಗೊಂದ್ಸಲ ಗೊತ್ತಾಗ್ಲಿ ಅಂತ ಮಾಡ್ದೆ. ಆದ್ರೆ ಬಾಯೋರು ಅಳೂದು ಕಂಡ್ತು. ಅವ್ರಿಗೆ ಹಂಗಾಗ್ಬಾರ್ದಿತ್ತು. ತಪ್ಪಾಯ್ತು ಅಂತ ಹೇಳಿ ಅವ್ರಿಗೆ."

ನನಗಲ್ಲ, ಅವಳಿಗೆ. ನನಗೆ ಕೂಗಾಡಬೇಕೆನಿಸಿತು. ಯಾವ ಬಾಯಿಂದ? ಹಿರಿಯರ ಕೇಬಲ್ಲನ್ನು ಆಡಿಕೊಂಡ ಬಾಯಿಂದಲೇ? ಅವರು ಬರೀ ಬರುವುದು ಬಿಟ್ಟಿದ್ದರು. ನಾನು ಬರುವವರನ್ನೇ ಬಿಡಿಸಿದ್ದೆ. ಅದೂ ಒಂದು ಪ್ಯಾರಾ ನಗೆಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ಕಿಟಕಿಯಾಚೆಯ ಲಾರಿಗಳತ್ತ ಮುಖ ತಿರುಗಿಸಿದಳು.

"ಅವತ್ತು ನಾನೂ ನಿಮ್ಮ ಪಕ್ಕದಲ್ಲೇ ಕೂತಿದ್ದೆ" ಎಂದಳು. "ದೀಪ ಆರಿಸೂದ್ಕೆ ಮೊದಲು ಒಂದಿಷ್ಟು ಹೆಂಗಸ್ರು ಏದುಸಿರು ಬಿಡ್ತಾ ಒಳಗೆ ಬಂದಿದ್ರು, ಕಾಲೆಲ್ಲಾ ಧೂಳು. ನಾ ನಿಮಗೆ ತೋರಿಸಿದ್ದೆ. ಅದ್ನ ಯಾಕೆ ಬರೀಲಿಲ್ಲ ನೀವು?"

ನೀವೇ ಹೇಳಿ ಓದುಗರೇ, ಅದನ್ನು ಬರೆದಿದ್ದರೆ ನೀವು ನಗುತ್ತಿದ್ದಿರಾ?